ಮಾರಾಟಕ್ಕಿಲ್ಲದ ಫೋನನ್ನು ಕೊಂಡು ಬಳಸಿದ ಮೇಲೆ

ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ತಯಾರಿಸಿದ 500ನೇ ಮಾದರಿಯ ಕಪ್ಪು ಡಯಲ್ ಫೋನೊಂದನ್ನು ಕಳೆದ ಚಳಿಗಾಲದಲ್ಲಿ ನಾನು, ಹಳೆಯ ಫೋನುಗಳನ್ನು ಸರಿಪಡಿಸಿ ಮಾರುವ ವ್ಯಾಪಾರಿಯೊಬ್ಬರಿಂದ 85 ಡಾಲರ್ ಕೊಟ್ಟು ತರಿಸಿಕೊಂಡೆ. ಪೆಟ್ಟಿಗೆಯಿಂದ ತೆಗೆದು ರಿಸೀವರನ್ನು ಮಗುಚಿ ನೋಡಿದರೆ ಅದರ ಹಿಡಿಯ ಒಳಮೈಯಲ್ಲಿ, ಇದು ಬೆಲ್ ಸಿಸ್ಟಮ್‌ನ ಸ್ವತ್ತು, ಮಾರಾಟಕ್ಕಿಲ್ಲ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳು ಅಚ್ಚೊತ್ತಿದ್ದವು. ಎರಡನೇ ಮಹಾಯುದ್ಧದ ನಂತರದ ಮೂರು ದಶಕಗಳಲ್ಲಿ ಅಮೆರಿಕದ ಮನೆ ಮನೆಯಲ್ಲೂ ಕಚೇರಿ ಕಚೇರಿಯಲ್ಲೂ ಇದ್ದ, ಕೋಟ್ಯಂತರ ಸಂಖ್ಯೆಯಲ್ಲಿ ತಯಾರಾದ ಈ ವಸ್ತು, ತಾನಿದ್ದ ಮನೆಯವರ ಸ್ವಂತದ್ದಾಗಿರಲಿಲ್ಲ. ಐದು ತಿಂಗಳು ಇದನ್ನು ದಿನವೂ ಬಳಸಿದ ಮೇಲೆ, ಇದರ ಒಳ್ಳೆಯ ಗುಣಗಳೆಲ್ಲವೂ ಕೆಟ್ಟ ಗುಣಗಳಲ್ಲಿ ಕೆಲವೂ ಹುಟ್ಟಿದ್ದು ಆ ಅಚ್ಚೊತ್ತಿದ ಸಾಲಿನಿಂದಲೇ ಎಂಬ ನಂಬಿಕೆ ನನಗೆ ಬಂದಿದೆ.

ಆ ಕಾಲದ ವ್ಯವಸ್ಥೆಯನ್ನು ಮೊದಲು ಹೇಳಿಬಿಡುತ್ತೇನೆ. ಎಟಿ ಅಂಡ್ ಟಿ ಕಂಪನಿಯ ಒಡೆತನದಲ್ಲಿದ್ದ ಬೆಲ್ ಸಿಸ್ಟಮ್ ದೇಶದ ಬಹುಪಾಲು ಫೋನುಗಳನ್ನು ನಡೆಸುತ್ತಿತ್ತು. ಬೆಲ್ ಪ್ರಯೋಗಾಲಯ ಉಪಕರಣವನ್ನು ರೂಪಿಸುತ್ತಿತ್ತು, ವೆಸ್ಟರ್ನ್ ಎಲೆಕ್ಟ್ರಿಕ್ ಅದನ್ನು ತಯಾರಿಸುತ್ತಿತ್ತು, ಆಯಾ ಪ್ರದೇಶದ ಬೆಲ್ ಕಂಪನಿ ಅದನ್ನು ತಂದು ಗೋಡೆಗೆ ಜೋಡಿಸಿ ತಿಂಗಳ ಬಾಡಿಗೆ ವಸೂಲು ಮಾಡುತ್ತಿತ್ತು. ಫೋನ್ ಕೆಟ್ಟರೆ ಸರಿಪಡಿಸುವ ಹೊಣೆಯೂ ಖರ್ಚೂ ಕಂಪನಿಯದೇ. ಹೀಗಾಗಿ ಬೇಗ ಕೆಡುವ ಫೋನನ್ನು ಮಾಡಿದರೆ ನಷ್ಟವಾಗುವುದು ಮಾಡಿದವರಿಗೇ ಹೊರತು ಬಳಸುವವರಿಗಲ್ಲ. ಒಂದು ಮನೆಯಿಂದ ವಾಪಸು ಬಂದ ಫೋನನ್ನು ಬಿಚ್ಚಿ, ತೊಳೆದು, ಸವೆದ ಭಾಗವನ್ನು ಬದಲಾಯಿಸಿ, ಮತ್ತೊಂದು ಮನೆಗೆ ಕಳುಹಿಸುತ್ತಿದ್ದರು. ನನ್ನ ಫೋನಿನ ತಳದ ಮೇಲೆ 1957ರ ಮುದ್ರೆಯಿದೆ, ಡಯಲಿನ ಬೆನ್ನಿನ ಮೇಲೆಯೂ ಅದೇ ವರ್ಷವಿದೆ, ರಿಸೀವರಿನ ಮಾತಾಡುವ ಬಿಲ್ಲೆಯ ಮೇಲೆ ಮಾತ್ರ 1964 ಎಂದಿದೆ. ಯಾವುದೋ ಮನೆಯಲ್ಲಿ ಏಳು ವರ್ಷ ದುಡಿದು, ಒಂದು ಭಾಗವನ್ನು ಹೊಸದಾಗಿ ಪಡೆದು, ಇನ್ನೊಂದು ಮನೆಗೆ ಹೋಗಿರಬೇಕು. ಹೀಗೆ ಪ್ರತಿ ಭಾಗಕ್ಕೂ ತಿಂಗಳು, ವರ್ಷದ ಗುರುತು ಒತ್ತುವ ಪದ್ಧತಿ ಇದ್ದುದರಿಂದ ಒಂದು ಫೋನಿನ ಜೀವನವನ್ನು ಅದರ ಒಳಗನ್ನು ನೋಡಿಯೇ ಓದಬಹುದು.

ರೂಪದ ಬಗ್ಗೆ ಹೇಳುವುದಾದರೆ, ಇದು ಹೆನ್ರಿ ಡ್ರೇಫಸ್ ಎಂಬ ಕೈಗಾರಿಕಾ ವಿನ್ಯಾಸಕಾರರ ಕೆಲಸ. 1937ರಿಂದ ಬಳಕೆಯಲ್ಲಿದ್ದ 302ನೇ ಮಾದರಿಯ ಚೂಪು ಅಂಚುಗಳ ಜಾಗದಲ್ಲಿ ಇವರು ತಗ್ಗಾದ, ಎಲ್ಲೂ ಕೈಗೆ ಒತ್ತದ ಇಳಿಜಾರಿನ ಆಕಾರವನ್ನು ತಂದರು. 1949ರಲ್ಲಿ ಪರೀಕ್ಷೆಗೆ ಹೊರಟ ಫೋನಿದು. ಎರಡು ಕಿಲೋ ಹತ್ತಿರದ ತೂಕವಿರುವುದರಿಂದ ಡಯಲ್ ತಿರುಗಿಸುವಾಗ ಮೇಜಿನ ಮೇಲೆ ಒಂದಿಷ್ಟೂ ಜರುಗುವುದಿಲ್ಲ, ಇನ್ನೊಂದು ಕೈಯಿಂದ ಹಿಡಿದುಕೊಳ್ಳಬೇಕಾಗಿಲ್ಲ. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈ ಬಿಟ್ಟು ಬರೆದುಕೊಳ್ಳಬಹುದು. ಹಸ್ತದಷ್ಟು ಅಗಲದ ಗಾಜಿನ ಹಲಗೆಯಂಥ ಇಂದಿನ ಫೋನಿನಲ್ಲಿ ಒಂದು ಗಂಟೆ ಮಾತಾಡಿ ಕುತ್ತಿಗೆ ನೋಯಿಸಿಕೊಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಡಯಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿಂದಿನ ಫೋನುಗಳಲ್ಲಿ ಅಂಕಿ ಮತ್ತು ಅಕ್ಷರಗಳು ಬೆರಳು ತೂರಿಸುವ ತೂತಿನೊಳಗೇ ಇರುತ್ತಿದ್ದವು, ಬೆರಳು ಉಜ್ಜಿ ಉಜ್ಜಿ ಸವೆಯುತ್ತಿದ್ದವು. 500ರಲ್ಲಿ ಅವನ್ನು ಚಕ್ರದ ಹೊರಗಿನ ಉಂಗುರಕ್ಕೆ ಸಾಗಿಸಿದರು. ಆದರೆ ಆಮೇಲೆ ನೋಡಿದರೆ ಜನ ಮೊದಲಿಗಿಂತ ನಿಧಾನವಾಗಿ ಡಯಲ್ ಮಾಡತೊಡಗಿದ್ದರು. ಬೆಲ್ ಪ್ರಯೋಗಾಲಯದಲ್ಲಿ ಮನುಷ್ಯರ ಅಭ್ಯಾಸಗಳನ್ನು ಅಧ್ಯಯನ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಇದಕ್ಕೆ ಸೂಚಿಸಿದ ಪರಿಹಾರ, ಪ್ರತಿ ತೂತಿನ ನಡುವೆ ಒಂದು ಬಿಳಿಯ ಚುಕ್ಕೆ. ಬೆರಳಿಗೆ ಗುರಿ ಸಿಕ್ಕಿತು, ವೇಗ ಮರಳಿತು. ನನ್ನ ಫೋನಿನಲ್ಲಿ ಆ ಹತ್ತೂ ಚುಕ್ಕೆಗಳು ಇಂದಿಗೂ ಹೊಸದಾಗಿ ಬರೆದಂತಿವೆ. ವಯರು ಎಷ್ಟು ಉದ್ದವಿರಬೇಕೆಂದು ತಿಳಿಯಲು ಇದೇ ಕಾರ್ಲಿನ್ ಸಹೋದ್ಯೋಗಿಗಳ ಫೋನಿನ ವಯರನ್ನು ಅವರಿಗೆ ಗೊತ್ತಾಗದಂತೆ ಮೂರು ದಿನಕ್ಕೊಮ್ಮೆ ಒಂದೊಂದು ಇಂಚು ಗಿಡ್ಡ ಮಾಡುತ್ತಾ ಹೋದರು, ಪೂರ್ತಿ ಒಂದು ಅಡಿ ಕಡಿಮೆಯಾಗುವವರೆಗೂ ಯಾರೂ ದೂರಲಿಲ್ಲ. ಒಂದು ಚುಕ್ಕೆಗಾಗಿ, ಒಂದು ಅಡಿ ವಯರಿಗಾಗಿ ಇಷ್ಟು ತಲೆ ಕೆಡಿಸಿಕೊಂಡ ಜನರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಬೆರಳು ತೂರಿಸಿ ತಡೆಯುವ ಕೊಂಡಿಯವರೆಗೆ ತಿರುಗಿಸಿ ಬಿಟ್ಟರೆ ಚಕ್ರ ತಾನಾಗಿ ಹಿಂತಿರುಗುತ್ತದೆ. ಹಿಂತಿರುಗುವಾಗ ಎಷ್ಟನೇ ಅಂಕಿಯೋ ಅಷ್ಟು ಬಾರಿ ಲೈನನ್ನು ಕಡಿದು ಕೂಡಿಸುತ್ತದೆ. ಸೊನ್ನೆಗೆ ಹತ್ತು ಬಾರಿ. ಬೆರಳು ಎಷ್ಟೇ ಅವಸರಪಡಿಸಿದರೂ ಸೆಕೆಂಡಿಗೆ ಸುಮಾರು ಹತ್ತು ಮಿಡಿತಗಳ ವೇಗ ತಪ್ಪದಂತೆ ಒಳಗಿನ ಒಂದು ಸಣ್ಣ ತಿರುಗಣೆ ನೋಡಿಕೊಳ್ಳುತ್ತದೆ. ಈ ಮಿಡಿತಗಳನ್ನು ಎಣಿಸಿದಾಗಲೇ ಅಮೆರಿಕದ ಏರಿಯಾ ಕೋಡುಗಳ, ಅಂದರೆ ಪ್ರದೇಶವನ್ನು ಸೂಚಿಸುವ ಮೊದಲ ಮೂರು ಅಂಕಿಗಳ ಲೆಕ್ಕಾಚಾರ ನನಗೆ ಅರ್ಥವಾದದ್ದು. 1947ರಲ್ಲಿ ಉತ್ತರ ಅಮೆರಿಕವನ್ನು 86 ವಲಯಗಳಾಗಿ ಹಂಚಿದಾಗ ಹೆಚ್ಚು ಕರೆ ಬರುವ ನಗರಗಳಿಗೆ ಬೇಗ ತಿರುಗುವ ಅಂಕಿಗಳನ್ನು ಕೊಟ್ಟರು: ನ್ಯೂಯಾರ್ಕಿನ 212ಕ್ಕೆ ಐದೇ ಮಿಡಿತ, ಲಾಸ್ ಏಂಜಲೀಸಿನ 213ಕ್ಕೂ ಶಿಕಾಗೊದ 312ಕ್ಕೂ ಆರಾರು. ಇಡೀ ರಾಜ್ಯಕ್ಕೆ ಒಂದೇ ಕೋಡ್ ಇದ್ದರೆ ನಡುವಿನ ಅಂಕಿ ಸೊನ್ನೆ. ನಾನು ವಾಸವಿರುವ ನ್ಯೂ ಜೆರ್ಸಿಗೆ ಸಿಕ್ಕಿದ್ದು 201, ಅಂದರೆ ಹದಿಮೂರು ಮಿಡಿತ. ಇದೇ ರಾಜ್ಯದ ಎಂಗಲ್‌ವುಡ್ ಪಟ್ಟಣದ ಮೇಯರ್ 1951ರ ನವೆಂಬರ್ 10ರಂದು ಕ್ಯಾಲಿಫೋರ್ನಿಯಾದ ಅಲಮೀಡಾ ಪಟ್ಟಣದ ಮೇಯರಿಗೆ ಕರೆ ಜೋಡಿಸಿಕೊಡುವ ಆಪರೇಟರ್ ನೆರವಿಲ್ಲದೆ ನೇರವಾಗಿ ಡಯಲ್ ಮಾಡಿದರು. ಖಂಡದ ಈ ತುದಿಯಿಂದ ಆ ತುದಿಗೆ ಕರೆ ಸೇರಲು 18 ಸೆಕೆಂಡು ಹಿಡಿಯಿತು. ನಾನು ಅದೇ ವಲಯಕ್ಕೆ ಹತ್ತು ಅಂಕಿ ತಿರುಗಿಸಲು ಅದಕ್ಕಿಂತ ತುಸು ಹೆಚ್ಚೇ ಸಮಯ ತೆಗೆದುಕೊಳ್ಳುತ್ತೇನೆ.

ಅಂಕಿಗಳ ಪಕ್ಕದಲ್ಲಿರುವ ಅಕ್ಷರಗಳು ಆಗ ಬರೀ ಅಲಂಕಾರವಾಗಿರಲಿಲ್ಲ. ಎಕ್ಸ್‌ಚೇಂಜಿಗೆ ಒಂದು ಹೆಸರಿರುತ್ತಿತ್ತು, ಆ ಹೆಸರಿನ ಮೊದಲ ಎರಡು ಅಕ್ಷರಗಳನ್ನು ತಿರುಗಿಸಿ ಆಮೇಲೆ ಐದು ಅಂಕಿ ತಿರುಗಿಸಬೇಕಿತ್ತು. ಹೆಸರಿನಿಂದಲೇ ಬಡಾವಣೆ ಯಾವುದೆಂದು ತಿಳಿಯುತ್ತಿತ್ತು. ಈ ಹೆಸರುಗಳನ್ನು ತೆಗೆದು ಎಲ್ಲವನ್ನೂ ಅಂಕಿ ಮಾಡಲು ಕಂಪನಿ ಹೊರಟಾಗ, 1962ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಜನ ಅಂಕಿ ಡಯಲಿಂಗಿನ ವಿರುದ್ಧ ಒಂದು ಸಂಘವನ್ನೇ ಕಟ್ಟಿದರು. ಭಾಷಾಶಾಸ್ತ್ರಜ್ಞ ಎಸ್. ಐ. ಹಯಕಾವ ಅದರಲ್ಲಿದ್ದರು. ಸಂಘದವರು ಸೋತರು. ಫೋನ್ ತಮ್ಮದಲ್ಲದಿದ್ದರೂ ನಂಬರು ತಮ್ಮದೆಂದು ಆ ಜನ ಭಾವಿಸಿದ್ದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಇನ್ನು ನನ್ನ ದೂರು. ಸಂಪೂರ್ಣ ಸರಿಪಡಿಸಿದ್ದೇವೆ ಎಂಬ ಚೀಟಿಯೊಡನೆ ಬಂದ ಈ ಫೋನಿನಲ್ಲಿ ಕರೆ ಮಾಡಬಹುದಿತ್ತು, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಹೊರಗಿನಿಂದ ಕರೆ ಬಂದರೆ ಗಂಟೆ ಹೊಡೆಯುತ್ತಿರಲಿಲ್ಲ. ವ್ಯಾಪಾರಿಗೆ ಎರಡು ಸಲ ಬರೆದೆ. ನಿಮ್ಮ ಲೈನಿನಲ್ಲೇ ದೋಷವಿರಬೇಕು ಎಂಬ ಉತ್ತರ ಬಂತು. ಕೊನೆಗೆ ನಾನೇ ಲೈನಿನಿಂದ ಫೋನನ್ನು ಬಿಡಿಸಿ, ತಳದ ಎರಡು ಸ್ಕ್ರೂಗಳನ್ನು ಸಡಿಲಿಸಿ ಮೇಲಿನ ಹೊದಿಕೆ ಎತ್ತಿದೆ. ಒಳಗೆ ಅಂಟು ಹಾಕಿ ಮುಚ್ಚಿದ್ದು ಏನೂ ಇರಲಿಲ್ಲ. ಹಿತ್ತಾಳೆಯ ಬಣ್ಣದ ಎರಡು ಗಂಟೆ ಬಟ್ಟಲುಗಳು, ನಡುವೆ ಒಂದು ಸಣ್ಣ ಸುತ್ತಿಗೆ, ಡಯಲಿನ ಬೆನ್ನು, ಅದರ ಹಿಂದೆ ಒಂದು ಡಬ್ಬಿ. ಡಬ್ಬಿಯ ನೆತ್ತಿಯ ಮೇಲೆ ಸಾಲಾಗಿ ಸ್ಕ್ರೂಗಳು, ಪ್ರತಿ ಸ್ಕ್ರೂವಿನ ಪಕ್ಕ ಒಂದೊಂದು ಅಕ್ಷರ. ಪ್ರತಿ ತಂತಿಗೂ ಬೇರೆ ಬೇರೆ ಬಣ್ಣ, ತುದಿಗೆ ಒಂದು ಲೋಹದ ಕೊಂಡಿ. ಬೆಸುಗೆ ಬಿಡಿಸದೆಯೇ, ಒಂದು ಸ್ಕ್ರೂಡ್ರೈವರಿನಿಂದ ಬೇಕಾದ ತಂತಿಯನ್ನು ಬೇಕಾದ ಜಾಗಕ್ಕೆ ಬದಲಾಯಿಸಬಹುದು.

ದೋಷ ಇದ್ದದ್ದು ಹಳದಿ ತಂತಿಯಲ್ಲಿ. ಗೋಡೆಯಿಂದ ಬರುವ ವಯರಿನಲ್ಲಿ ಕೆಂಪು, ಹಸಿರು, ಹಳದಿ ಎಂದು ಮೂರು ತಂತಿಗಳಿರುತ್ತವೆ. ಮಾತು ಹರಿಯುವುದಕ್ಕೆ ಕೆಂಪು, ಹಸಿರು ಸಾಕು. ಹಳದಿ ಇರುವುದು ಗಂಟೆಗಾಗಿ. ಯುದ್ಧದ ನಂತರದ ವರ್ಷಗಳಲ್ಲಿ ಫೋನ್ ಬೇಕೆಂದವರ ಸಾಲು ಬೆಳೆದು ಲೈನುಗಳು ಸಾಲದಾಗಿದ್ದವು. ಎರಡು, ನಾಲ್ಕು, ಹಳ್ಳಿಗಳಲ್ಲಿ ಇನ್ನೂ ಹೆಚ್ಚು ಮನೆಗಳು ಒಂದೇ ಲೈನನ್ನು ಹಂಚಿಕೊಳ್ಳುತ್ತಿದ್ದವು. ಇದನ್ನು ಪಾರ್ಟಿ ಲೈನ್ ಎನ್ನುತ್ತಿದ್ದರು. ಒಂದು ಮನೆಯ ಕರೆಗೆ ಎಲ್ಲ ಮನೆಯ ಗಂಟೆಯೂ ಹೊಡೆಯಬಾರದೆಂದು, ಒಬ್ಬರ ಗಂಟೆಯನ್ನು ಲೈನಿನ ಒಂದು ತಂತಿಗೂ ನೆಲಕ್ಕೂ ನಡುವೆ, ಇನ್ನೊಬ್ಬರದನ್ನು ಮತ್ತೊಂದು ತಂತಿಗೂ ನೆಲಕ್ಕೂ ನಡುವೆ ಜೋಡಿಸುತ್ತಿದ್ದರು. ನೆಲಕ್ಕೆ ಹೋಗುವ ದಾರಿಯೇ ಹಳದಿ ತಂತಿ. ಸ್ವಂತ ಲೈನ್ ಇದ್ದ ಮನೆಯಲ್ಲಿ ಅದನ್ನು ಗೋಡೆಯ ಡಬ್ಬಿಯಲ್ಲೇ ಹಸಿರಿಗೆ ಕೂಡಿಸಿಬಿಡುತ್ತಿದ್ದರು. ನನ್ನ ವ್ಯಾಪಾರಿ ಹಳೆಯ ವಯರನ್ನು ತೆಗೆದು ಎರಡೇ ತಂತಿಯ ಹೊಸ ವಯರು ಹಾಕಿದ್ದರು, ಗಂಟೆಯ ಒಂದು ತುದಿ ಯಾವ ದಾರಿಯೂ ಇಲ್ಲದೆ ನಿಂತಿತ್ತು. ಗಂಟೆಯ ಕಪ್ಪು ತಂತಿಯನ್ನು ಜಿ ಎಂದು ಬರೆದ ಸ್ಕ್ರೂವಿನಿಂದ ಬಿಡಿಸಿ, ಹಸಿರು ತಂತಿ ಸೇರಿದ್ದ ಎಲ್-1 ಎಂಬ ಸ್ಕ್ರೂವಿಗೆ ಕಟ್ಟಿದೆ. ಪಕ್ಕದ ಕೋಣೆಯಿಂದ ಮೊಬೈಲಿನಲ್ಲಿ ಕರೆ ಮಾಡಿದಾಗ ಇಡೀ ಮನೆಗೆ ಕೇಳುವಂತೆ ಗಂಟೆ ಹೊಡೆಯಿತು. ಎರಡು ಬಟ್ಟಲುಗಳಿಗೂ ಸ್ವಲ್ಪ ಬೇರೆ ಬೇರೆ ಸ್ವರವಿರುವುದರಿಂದ ಅದು ಬರೀ ಸದ್ದಲ್ಲ, ಕಂಪಿಸುವ ಒಂದು ನಾದ. ತಳದಲ್ಲಿರುವ ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ಅದನ್ನು ಮೆಲ್ಲಗಾಗಿಸಬಹುದು.

ಇಷ್ಟಾಗಲು ಹಿಡಿದದ್ದು ಅರ್ಧ ಗಂಟೆ, ಅದರಲ್ಲೂ ಹೆಚ್ಚಿನ ಸಮಯ ಹೋದದ್ದು ಕನ್ನಡಕ ಹಾಕಿಕೊಂಡು ಅಕ್ಷರ ಓದುವುದರಲ್ಲಿ. ನಾನು ವಿದ್ಯುತ್ ಕೆಲಸ ಕಲಿತವನಲ್ಲ. ಮಳೆಯಲ್ಲಿ ನೆನೆದು ಬಂದ, ದಿನಕ್ಕೆ ಹತ್ತು ಮನೆ ಸುತ್ತುವ ಕಂಪನಿಯ ಲೈನ್‌ಮನ್ ಯಾರದೋ ಅಡುಗೆಮನೆಯ ಮಂದ ಬೆಳಕಿನಲ್ಲಿ ನಿಂತು ಮಾಡಬೇಕಾದ ಕೆಲಸವೆಂದು ಯೋಚಿಸಿಯೇ ಇದನ್ನು ಹೀಗೆ ಕಟ್ಟಿದ್ದಾರೆ; ಆ ಯೋಚನೆಯ ಲಾಭ ಇಷ್ಟು ವರ್ಷಗಳ ನಂತರ ನನಗೆ ಸಿಕ್ಕಿತು.

ಪಾರ್ಟಿ ಲೈನಿನ ಮಾತು ಬಂದಿದ್ದರಿಂದ ಒಂದು ವಿಷಯ. ರಿಸೀವರ್ ಎತ್ತಿದರೆ ನೆರೆಮನೆಯವರ ಮಾತು ಕಿವಿಗೆ ಬೀಳುತ್ತಿತ್ತು. ಮೆಲ್ಲನೆ ಇಟ್ಟುಬಿಡುವುದು ಮರ್ಯಾದೆ, ಎಲ್ಲರೂ ಇಡುತ್ತಿರಲಿಲ್ಲ. ಬೆಂಕಿ ಬಿದ್ದಾಗ, ವೈದ್ಯರು ಬೇಕಾದಾಗ ಲೈನ್ ಬಿಟ್ಟುಕೊಡದಿರುವುದನ್ನು ಹಲವು ರಾಜ್ಯಗಳು ಕಾನೂನಿನ ಪ್ರಕಾರ ಅಪರಾಧವೆಂದು ಸಾರಿದ್ದವು. ತುರ್ತಿಗೆಂದು ದೇಶಕ್ಕೆಲ್ಲ ಒಂದೇ ನಂಬರ್ ಬೇಕೆಂಬ ಮಾತು ಕೈಗೂಡತೊಡಗಿದ್ದು ತೀರ ತಡವಾಗಿ: 911ಕ್ಕೆ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಆ ದಶಕದ ಸಾರ್ವಜನಿಕ ಜೀವನದಲ್ಲಿ ಒಂದು ಫೋನ್ ಕರೆಗೆ ಎಷ್ಟು ತೂಕವಿತ್ತೆಂದರೆ, 1960ರ ಅಕ್ಟೋಬರ್ 26ರಂದು ಮಾರ್ಟಿನ್ ಲೂಥರ್ ಕಿಂಗ್ ಜಾರ್ಜಿಯಾದ ಜೈಲಿನಲ್ಲಿದ್ದಾಗ, ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಜಾನ್ ಕೆನಡಿ ಶಿಕಾಗೊದಿಂದ ಕಿಂಗ್ ಅವರ ಪತ್ನಿ ಕೊರೆಟ್ಟಾ ಅವರಿಗೆ ಫೋನ್ ಮಾಡಿ ಸಮಾಧಾನ ಹೇಳಿದ ಕೆಲವೇ ನಿಮಿಷಗಳ ಮಾತು, ಕೂದಲೆಳೆಯಲ್ಲಿ ತೀರ್ಮಾನವಾದ ಆ ಚುನಾವಣೆಯಲ್ಲಿ ಕಪ್ಪು ಮತದಾರರನ್ನು ಕೆನಡಿಯವರ ಕಡೆಗೆ ತಂದ ಕಾರಣಗಳಲ್ಲಿ ಒಂದೆಂದು ಇಂದಿಗೂ ಎಣಿಕೆಯಾಗುತ್ತದೆ.

ಹೊಗಳಿಕೆಯ ಜೊತೆಗೆ ಹೇಳಲೇಬೇಕಾದ ಇನ್ನೊಂದು ಮುಖವಿದೆ. ಬಾಡಿಗೆ ಫೋನ್ ಗಟ್ಟಿಯಾಗಿತ್ತು ನಿಜ, ಆದರೆ ಬಾಡಿಗೆ ಎಂದೂ ಮುಗಿಯುತ್ತಿರಲಿಲ್ಲ. ಮಲಗುವ ಕೋಣೆಗೆ ಇನ್ನೊಂದು ಫೋನ್ ಬೇಕೆಂದರೆ ಅದಕ್ಕೂ ಬಾಡಿಗೆ, 1950ರ ದಶಕದ ಮಧ್ಯದಲ್ಲಿ ಬಂದ ಹಸಿರು, ಕೆಂಪು, ದಂತದ ಬಣ್ಣದ ಫೋನ್ ಬೇಕೆಂದರೆ ಪ್ರತ್ಯೇಕ ಶುಲ್ಕ. ಯಾರಾದರೂ ತಾವೇ ಒಂದು ಫೋನನ್ನು ತಂದು ಜೋಡಿಸಿಕೊಂಡರೆ, ಲೈನಿನ ಮೇಲೆ ಎಷ್ಟು ಗಂಟೆಗಳ ಭಾರವಿದೆ ಎಂದು ಅಳೆದು ಕಂಪನಿ ಪತ್ತೆ ಮಾಡುತ್ತಿತ್ತು. ಹಷ್-ಎ-ಫೋನ್ ಎಂಬುದು ಮಾತಾಡುವ ಬಾಯಿಗೆ ಸಿಕ್ಕಿಸುವ ಒಂದು ಬಟ್ಟಲು, ಅಷ್ಟೇ. ಅದರಲ್ಲಿ ವಿದ್ಯುತ್ತಿನ ಭಾಗವೇ ಇಲ್ಲ. ಪಕ್ಕದವರಿಗೆ ಮಾತು ಕೇಳಿಸದಿರಲೆಂದು ಮಾಡಿದ ಅದನ್ನೂ ಕಂಪನಿ ನಿಷೇಧಿಸಿತ್ತು, ಸರ್ಕಾರದ ಸಂಪರ್ಕ ಆಯೋಗ ಕಂಪನಿಯ ಪರವಾಗಿ ನಿಂತಿತು. 1956ರಲ್ಲಿ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕರಿಗೆ ಹಾನಿ ಮಾಡದೆ ತನಗೆ ಅನುಕೂಲವಾಗುವಂತೆ ಫೋನ್ ಬಳಸುವುದು ಚಂದಾದಾರನ ಹಕ್ಕು ಎಂದು ಹೇಳಿತು. ರೇಡಿಯೊವನ್ನು ಫೋನ್ ಲೈನಿಗೆ ಜೋಡಿಸುವ ಕಾರ್ಟರ್‌ಫೋನ್ ಎಂಬ ಉಪಕರಣದ ಪರವಾಗಿ 1968ರಲ್ಲಿ ಅದೇ ಆಯೋಗ ಕೊಟ್ಟ ತೀರ್ಪು ಆ ಬಾಗಿಲನ್ನು ಇನ್ನಷ್ಟು ತೆರೆಯಿತು. 1984ರ ಜನವರಿ 1ರಂದು ಬೆಲ್ ಸಿಸ್ಟಮ್ ಒಡೆದ ಮೇಲೂ ಹಲವರು, ಅದರಲ್ಲೂ ವಯಸ್ಸಾದವರು, ಮನೆಯ ಹಳೆಯ ಫೋನಿಗೆ ವರ್ಷಗಟ್ಟಲೆ ಬಾಡಿಗೆ ಕಟ್ಟುತ್ತಲೇ ಇದ್ದರು. ಒಂದು ಫೋನಿನ ಬೆಲೆಯನ್ನು ಹತ್ತಾರು ಬಾರಿ ಕೊಟ್ಟವರು ಅವರು. ಅದು ನನ್ನ ಮಟ್ಟಿಗೆ ಅನ್ಯಾಯ.

ಫೋನಿನ ಆ ಕಡೆ ಕುಳಿತಿದ್ದ ಹೆಣ್ಣುಮಕ್ಕಳನ್ನೂ ಮರೆಯಲಾಗದು. ಡಯಲಿನ ಸೊನ್ನೆಯ ಜಾಗದಲ್ಲಿ ಆಪರೇಟರ್ ಎಂಬ ಪದ ಇಂದಿಗೂ ಇದೆ. 1947ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಮೂರೂವರೆ ಲಕ್ಷದಷ್ಟು ದೂರವಾಣಿ ನೌಕರರು ಕೆಲಸ ನಿಲ್ಲಿಸಿ ಬೀದಿಗೆ ಬಂದಾಗ ಅವರಲ್ಲಿ ಬಹುಪಾಲು ಮಹಿಳೆಯರೇ ಇದ್ದರು. ಕರೆ ಜೋಡಿಸುವ ಸ್ವಿಚ್‌ಬೋರ್ಡಿನಿಂದ ಆಚೆಯ ಒಳ್ಳೆಯ ಸಂಬಳದ ಕೆಲಸಗಳು ಅವರಿಗೂ ಕಪ್ಪು ಜನರಿಗೂ ತೆರೆದುಕೊಳ್ಳಲು 1973ರ ಜನವರಿಯಲ್ಲಿ ಕಂಪನಿ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದವರೆಗೆ ಕಾಯಬೇಕಾಯಿತು.

ಧ್ವನಿಯ ಗುಣದ ಬಗ್ಗೆ ಸಂಕ್ಷೇಪವಾಗಿ: ಮಾತಾಡುವ ಬಿಲ್ಲೆಯಲ್ಲಿ ಇಂಗಾಲದ ಸಣ್ಣ ಕಾಳುಗಳಿವೆ. ನನ್ನ ಸ್ವರ ತುಸು ಒರಟಾಗಿ, ಆದರೆ ತುಂಬಿಕೊಂಡು ಬರುತ್ತದೆ ಎಂದು ಆ ಕಡೆಯವರು ಹೇಳುತ್ತಾರೆ. ವಾರಗಟ್ಟಲೆ ಬಳಸದಿದ್ದರೆ ಕಾಳುಗಳು ಗಂಟುಕಟ್ಟಿ ಸ್ವರ ಕುಗ್ಗುತ್ತದೆ, ಅಂಗೈಗೆ ಎರಡು ಬಾರಿ ಮೆತ್ತಗೆ ತಟ್ಟಿದರೆ ಸರಿಹೋಗುತ್ತದೆ. ಕೇಳುವ ಭಾಗಕ್ಕೆ ನನ್ನ ಆಕ್ಷೇಪಣೆ ಏನೂ ಇಲ್ಲ. ತಾಯಿಯ ಉಸಿರಾಟದ ನಡುವಿನ ಮೌನವೂ ಅದರಲ್ಲಿ ತಿಳಿಯುತ್ತದೆ.

ಇಂದಿನ ಲೈನಿಗೆ ಜೋಡಿಸುವವರು ಒಂದೆರಡು ಸಂಗತಿ ತಿಳಿದಿರಬೇಕು. ಇಂಟರ್ನೆಟ್ ಮೋಡೆಮ್ಮಿನ ಹಿಂದಿರುವ ಫೋನ್ ರಂಧ್ರಗಳಲ್ಲಿ ಹಲವು ಗಂಟೆಯನ್ನೇನೋ ಹೊಡೆಸುತ್ತವೆ, ಆದರೆ ಡಯಲಿನ ಮಿಡಿತಗಳನ್ನು ಅರ್ಥಮಾಡಿಕೊಳ್ಳುವುದಿಲ್ಲ. ಮಿಡಿತವನ್ನು ಗುಂಡಿ ಒತ್ತುವ ಫೋನಿನ ಸ್ವರಕ್ಕೆ ಬದಲಿಸುವ ಒಂದು ಚಿಕ್ಕ ಪೆಟ್ಟಿಗೆಯನ್ನು ನಡುವೆ ಕೂಡಿಸಬೇಕು. ಬ್ಯಾಂಕಿಗೆ ಕರೆ ಮಾಡಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಾಗಲೂ ಆ ಪೆಟ್ಟಿಗೆಯೇ ಗತಿ. ಹಿಂದೆ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ಬರುತ್ತಿದ್ದುದರಿಂದ ಊರಿಗೆ ಕರೆಂಟು ಹೋದರೂ ಫೋನ್ ನಡೆಯುತ್ತಿತ್ತು; ಮೋಡೆಮ್ಮಿನ ಮೂಲಕ ಆ ಅನುಕೂಲ ಸಿಗುವುದಿಲ್ಲ. ಗಂಟೆ ಹೊಡೆಯುವಾಗ ಲೈನಿನಲ್ಲಿ 90 ವೋಲ್ಟ್ ಹತ್ತಿರ ಇರುತ್ತದೆ, ಆದ್ದರಿಂದ ಹೊದಿಕೆ ತೆಗೆಯುವ ಮೊದಲು ಗೋಡೆಯಿಂದ ವಯರನ್ನು ಬಿಡಿಸುವುದನ್ನು ಮರೆಯಬಾರದು.

ಕೊಳ್ಳುವವರಿಗೆ ನನ್ನ ಸಲಹೆ, ಹೊಳಪಿಗೆ ಮಾರುಹೋಗದೆ ಕಪ್ಪು ಫೋನನ್ನೇ ಆರಿಸಿಕೊಳ್ಳಿ ಎಂಬುದು. ಬಣ್ಣದವು ಬಿಸಿಲಿಗೆ ಮಾಸಿರುತ್ತವೆ, ಹೊದಿಕೆ ಒಂದು ಬಣ್ಣ, ರಿಸೀವರ್ ಇನ್ನೊಂದು ಬಣ್ಣವಾಗಿರುತ್ತದೆ. ಸೊನ್ನೆಯಿಂದ ಬಿಟ್ಟ ಡಯಲ್ ಎಲ್ಲೂ ತಡವರಿಸದೆ ಒಂದೇ ಸಮನೆ ಹಿಂತಿರುಗಬೇಕು. ಹೊದಿಕೆ ತೆಗೆದ ಚಿತ್ರವನ್ನು ಕೇಳಿ ಪಡೆದು, ಮುದ್ರೆಗಳ ವರ್ಷ ನೋಡಿ. ಬೇರೆ ಬೇರೆ ವರ್ಷಗಳಿದ್ದರೆ ಅದು ದೋಷವಲ್ಲ, ಕಂಪನಿಯ ಕಾರ್ಯಾಗಾರದಲ್ಲಿ ಮರುಹುಟ್ಟು ಪಡೆದ ಫೋನ್ ಅದು. ಕೆಲಸ ಮಾಡುತ್ತದೆಯೇ ಎಂದು ಮಾತ್ರ ಕೇಳಿ ಸುಮ್ಮನಾಗಬೇಡಿ, ಕೆಲಸ ಮಾಡುತ್ತದೆ ಎಂದು ನನಗೂ ಹೇಳಿದ್ದರು. ಹಣ ಕೊಡುವ ಮೊದಲು, ಆ ಫೋನಿಗೆ ಹೊರಗಿನಿಂದ ಒಂದು ಕರೆ ಮಾಡಿ ಗಂಟೆಯ ಸದ್ದನ್ನು ಕೇಳಿಸಿ ಎಂದು ಮಾರುವವರನ್ನು ಕೇಳಿಕೊಳ್ಳಿ.